ಮಂಗಳವಾರದ ಕೈಗನ್ನಡಿ

ನಾನು ಒಂದು ಕೈಗನ್ನಡಿ. ಹುಟ್ಟುವಾಗಲೇ ನನಗೆ ಮೋಸವಾಯಿತು. ಧಾರವಾಡದ ಗಾಜಿನಂಗಡಿಯಲ್ಲಿ ದೊಡ್ಡ ಕನ್ನಡಿಯೊಂದನ್ನು ಅಳತೆಗೆ ಕೊಯ್ದಾಗ ಉಳಿದ ಚೂರು ನಾನು. ನನಗೊಂದು ಕೆಂಪು ಪ್ಲಾಸ್ಟಿಕ್ ಚೌಕಟ್ಟು ಹಾಕಿ, ಹಿಡಿಕೆ ಸಿಕ್ಕಿಸಿ, ದೊಡ್ಡದರ ಜೊತೆಗೇ ಹಡಪದ ಅಪ್ಪಣ್ಣನ ಸಲೂನಿಗೆ ಕಳಿಸಿದರು.

ದೊಡ್ಡದು ಗೋಡೆ ಏರಿತು. ಮುಖಗಳೆಲ್ಲ ಅದರ ಪಾಲು. ನನಗೆ ಬರೀ ಹೆಕ್ಕತ್ತು. ಕಟಿಂಗ್ ಮುಗಿದ ಮೇಲೆ ನನ್ನನ್ನು ತಲೆಯ ಹಿಂದೆ ಹಿಡಿಯುತ್ತಾರೆ. ಗಿರಾಕಿ ಗೋಡೆಯ ಕಡೆಗೇ ನೋಡಿ 'ಹೂಂ' ಅನ್ನುತ್ತಾನೆ. ತೋರಿಸಿದ್ದು ನಾನು, 'ಹೂಂ' ಅದಕ್ಕೆ! ಮೈ ಉರಿಯದೆ ಇನ್ನೇನು?

ಆ ಅಂಗಡಿಯಲ್ಲಿ ನನ್ನಂತೆಯೇ ಉರಿಯುವವನು ಇನ್ನೊಬ್ಬನಿದ್ದ, ಅಪ್ಪಣ್ಣನ ಮಗ ಬಾಳೇಶ. ಅಪ್ಪನ ಕೈ ನಡುಗತೊಡಗಿದಾಗ ಒಂಬತ್ತನೇ ಇಯತ್ತೆಗೇ ಶಾಲೆ ಬಿಟ್ಟು ಕತ್ತರಿ ಹಿಡಿದವನು. ಅವನ ಅಕ್ಕ ಕಸ್ತೂರಿ ಮಾತ್ರ ಓದುತ್ತಲೇ ಹೋಗಿ ವಿಶ್ವವಿದ್ಯಾಲಯ ಸೇರಿದಳು. ಮುಖ್ಯ ವಿಷಯ ಇತಿಹಾಸ, ಮೈನರ್ ವಿಷಯ ಜರ್ಮನ್ ಭಾಷೆ ಮತ್ತು ಸಂಸ್ಕೃತಿ. ನಮ್ಮ ಕಡೆ ಅಲ್ಯೂಮಿನಿಯಂ ಪಾತ್ರೆಗೆ ಜರ್ಮನ್ ಪಾತ್ರೆ ಅನ್ನುತ್ತಾರೆ. ಬಾಳೇಶ ಬಿಟ್ಟಾನೆಯೇ?

"ಜರ್ಮನ್ ನಮ್ಮನ್ಯಾಗ ಐತೆಲ್ಲಬೇ, ಅನ್ನದ ಪಾತೇಲಿ! ಅದನ್ನ ಓದೂದೇನ್, ತಿಕ್ಕು."

"ತಿಕ್ಕೂದು ನೀ ಕಲಿ, ಬಾಳ್ಯಾ."

ಸಲೂನಿಗೆ ಮಂಗಳವಾರ ರಜೆ. ಕಸ್ತೂರಿಯ ಜರ್ಮನ್ ತರಗತಿಯೂ ಮಂಗಳವಾರವೇ. ಅದರಲ್ಲಿ ಒಂದು ಸ್ವರವಿದೆಯಂತೆ, ನಾಲಿಗೆ 'ಈ' ಅನ್ನುತ್ತಿರಬೇಕು, ತುಟಿ 'ಊ' ಅನ್ನುವ ಹಾಗೆ ಗುಂಡಗಿರಬೇಕು. ಕನ್ನಡಿ ನೋಡಿಕೊಂಡು ಹೇಳಬೇಕು ಎಂದು ಟೀಚರ್ ಹಿಂದಿನ ವಾರವೇ ಹೇಳಿದ್ದರು. ಎಲ್ಲರೂ ಮೊಬೈಲಿನಲ್ಲಿ ಮುಖ ನೋಡಿಕೊಂಡರು. ಕಸ್ತೂರಿಯ ಮೊಬೈಲಿನ ಕ್ಯಾಮೆರಾ ಕೆಟ್ಟಿತ್ತು. ಅಂಗಡಿಗೆ ರಜೆಯೆಂದು ಚೀಲದಲ್ಲಿ ಹಾಕಿಕೊಂಡು ಬಂದಿದ್ದ ನನ್ನನ್ನು ಅವಳು ಹೊರಗೆ ತೆಗೆದಳು.

ಮುಂದಿನ ಬೆಂಚಿನವಳೊಬ್ಬಳು ನಕ್ಕಳು. "ಏನ್ ಕಸ್ತೂರಿ, ಇಲ್ಲೇ ಅಂಗಡಿ ತೆರೀತಿಯೇನ?"

"ಹೂಂ, ಬಾ. ಮೊದಲ ನಿನ್ನ ಜಡಿನ ಹಾರಸ್ತೀನಿ."

ನನ್ನ ಜನ್ಮದಲ್ಲಿ ಮೊದಲ ಸಲ ಒಂದು ಮುಖ ನನ್ನನ್ನೇ ನೋಡಿತು. ಆ ಮೊಬೈಲುಗಳನ್ನು ಕಂಡರೆ ಹೊಟ್ಟೆಕಿಚ್ಚು ಇತ್ತು, ನಿಜ. ಆದರೆ ಈ ಮುಖ ನನ್ನದು.

ಮೌಖಿಕ ಪರೀಕ್ಷೆ ನಿಗದಿಯಾಯಿತು. ಮನೆಯ ಒಂದು ವಸ್ತುವನ್ನು ತಂದು ಅದರ ಬಗ್ಗೆ ಜರ್ಮನ್‌ನಲ್ಲಿ ಮಾತಾಡಬೇಕು. ಕಸ್ತೂರಿ ನನ್ನನ್ನೇ ಆರಿಸಿದಳು! ವಾರಗಟ್ಟಲೆ ರಾತ್ರಿ ಅಂಗಡಿಯಲ್ಲಿ ನನ್ನೆದುರೇ ಹೇಳಿಕೊಂಡಳು. "ದಾಸ್ ಇಸ್ಟ್ ಐನ್ ಷ್ಪೀಗೆಲ್." ಇದೊಂದು ಕನ್ನಡಿ ಎಂದು ಅರ್ಥವಂತೆ. ಗೋಡೆಯ ಮೇಲಿನದಕ್ಕೆ ಕಾಣಲಿ ಎಂದು ನಾನು ಇನ್ನಷ್ಟು ಹೊಳೆದೆ.

ಆದರೆ ಹೊರಗಿನಿಂದ ಬರುವ ಪರೀಕ್ಷಕರಿಗೆ ರವಿವಾರವೇ ಅನುಕೂಲವಾಯಿತು. ರವಿವಾರ ಅಂದರೆ ಸಲೂನಿನ ಜಾತ್ರೆ. ಬಾಳೇಶ ನನ್ನ ಹಿಡಿಕೆ ಬಿಡಲಿಲ್ಲ.

"ಗಿರಾಕಿಗೆ ಹಿಂದ ಏನ್ ಹಿಡೀಲಿ, ನಿನ್ನ ಪುಸ್ತಕಾ?"

"ಒಂದ್ ತಾಸು ಕೊಡೋ. ನಪಾಸಾದ್ರ ಮುಂದಿನ ವರ್ಷ ಜರ್ಮನ್ ಸಿಗೂದಿಲ್ಲ."

"ಸಿಗಬ್ಯಾಡ. ನನಗೇನ್ ಹತ್ತನೇತ್ತಾ ಸಿಕ್ಕೈತೇನ್?"

ಆ ಕಡೆ ಅವಳು ಎಳೆದಳು, ಈ ಕಡೆ ಅವನು ಎಳೆದ. ನಾನು ನೆಲಕ್ಕೆ ಬಿದ್ದೆ. ಮೂಲೆಯಿಂದ ಮೂಲೆಗೆ ಸೀಳು ಬಿತ್ತು.  ಕಸ್ತೂರಿ ಕಟ್ಟೆಯ ಮೇಲಿದ್ದ ಬಾಚಣಿಗೆಯನ್ನು ಕೈಗೆ ತಗೊಂಡು ಹೊರಟೇಬಿಟ್ಟಳು.

ಬಾಚಣಿಗೆ! ಹಲ್ಲಿನ ಸಂದಿಯಲ್ಲಿ ಊರವರ ಕೂದಲು ಸಿಕ್ಕಿಸಿಕೊಂಡ ಕೊಳಕ! ಅವಳ ಮುಖವನ್ನೇ ಕಾಣದವನು ಪರೀಕ್ಷೆಗೆ ಹೋದ. ನಾನು ಸೀಳಿಕೊಂಡು ಅರ್ಧ ತೆರೆದ ಡ್ರಾಯರಿನಲ್ಲಿ ಬಿದ್ದೆ.

ಸಂಜೆ ಅವಳು ನಗುತ್ತ ಬಂದಳು. ಪಾಸಾಗಿದ್ದಳು. ಬೆಂಚಿನ ಮೇಲಿದ್ದ ಅಪ್ಪಣ್ಣ ಕೇಳಿದ, "ಏನ್ ಹೇಳ್ದೆವಾ ಅಲ್ಲಿ? ನಮಗ ತಿಳಿಯೂಹಂಗ ಹೇಳು."

"ಇದು ಬಾಚಣಿಗಿ ಅಂದೆ. ನನ್ನ ತಮ್ಮಂದು ಅಂದೆ. ಅಂವ ನನಗಿಂತ ಶ್ಯಾಣ್ಯಾ ಇದ್ದ. ಅಂವ ಸಾಲಿ ಬಿಟ್ಟ, ಅದಕ್ಕ ನಾ ಇವತ್ತ ಇಲ್ಲಿ ನಿಂತೀನಿ ಅಂದೆ."

ಕತ್ತರಿಯ ಸದ್ದು ನಿಂತಿತು. ಕುರ್ಚಿಯಲ್ಲಿದ್ದ ಗಿರಾಕಿ ತಲೆ ತಿರುಗಿಸಿದ. "ತಮ್ಮಾ, ಈ ಕಡಿ ಕಿವಿ ಹಂಗ ಉಳೀತಲ್ಲೋ."

ಪರೀಕ್ಷೆಯಲ್ಲಿ ಅವಳು ನನ್ನ ಬಗ್ಗೆ ಆಡಬೇಕಿದ್ದ ಮಾತು ಅದು. ಇವತ್ತಿಗೂ ಆ ಬಾಚಣಿಗೆಯನ್ನು ನಾನು ಕ್ಷಮಿಸಿಲ್ಲ.

ಅಂಗಡಿಗೆ ಹೊಸ ಕೈಗನ್ನಡಿ ಬಂತು. ಒಡಕು ಕನ್ನಡಿ ಅಪಶಕುನ, ಬಿಸಾಡು ಎಂದ ಅಪ್ಪಣ್ಣ. ಬಾಳೇಶ ಬಿಸಾಡಲಿಲ್ಲ. ಮುಂದಿನ ಮಂಗಳವಾರ ಶಟರ್ ಅರ್ಧ ಇಳಿಸಿ, ಡ್ರಾಯರಿನಿಂದ ನನ್ನನ್ನು ತೆಗೆದು ಮುಖದ ಮುಂದೆ ಹಿಡಿದ. ಅಕ್ಕನ ಆ ಜರ್ಮನ್ ಸ್ವರಕ್ಕೆಂದು ತುಟಿ ಗುಂಡಗೆ ಮಾಡಿದ. ಬರಲಿಲ್ಲ. ಸಿಟ್ಟಿನಿಂದ ಮತ್ತೆ ಮಾಡಿದ.

ಶಟರಿನ ಕೆಳಗೆ ಕಸ್ತೂರಿಯ ಚಪ್ಪಲಿ ಕಂಡವು. "ತುಟಿ ಇನ್ನಷ್ಟು ಮುಂದ ತಾ."

"ಹಲ್ಲು ನೋಡಾಕತ್ತಿದ್ನಿ. ಹೋಗಬೇ."

ಅವಳು ಹೋಗಲಿಲ್ಲ. ಬಗ್ಗಿ ಒಳಗೆ ಬಂದಳು.

ಈಗ ನನ್ನ ಬೆನ್ನಿನ ಲೇಪ ಉದುರುತ್ತಿದೆ, ಚೌಕಟ್ಟಿಗೆ ದಾರ ಸುತ್ತಿದ್ದಾರೆ. ವಾರವೆಲ್ಲ ಡ್ರಾಯರಿನ ಕತ್ತಲು. ಮಂಗಳವಾರ ಮಾತ್ರ ಅವನು ನನ್ನನ್ನು ಹೊರಗೆ ತೆಗೆಯುತ್ತಾನೆ, ಅವಳು ಪಕ್ಕದಲ್ಲಿ ಕೂತು ತಿದ್ದುತ್ತಾಳೆ. ಸೀಳಿನ ಈ ಕಡೆ ಅಕ್ಕ, ಆ ಕಡೆ ತಮ್ಮ. ರಜೆಯ ದಿನ ಗೋಡೆಯ ದೊಡ್ಡ ಕನ್ನಡಿಗೆ ಧೂಳು ಕೂರದಂತೆ ಬಟ್ಟೆ ಹೊದಿಸಿರುತ್ತಾರೆ. ಊರಿನ ಮುಖವೆಲ್ಲ ಅದೇ ಇಟ್ಟುಕೊಳ್ಳಲಿ. ಈ ಎರಡು ಮುಖ ಅದಕ್ಕೆ ಕಾಣುವುದಿಲ್ಲ. ಕಾಣಲೂಬಾರದು.