ಮೋಟಾರಿನ ಪಕ್ಕದ ಬೆಂಚು

ಬೇಡವಿತ್ತೇನೋ. ಇನ್ನೂ ಕಾಲ ಮಿಂಚಿಲ್ಲ, ಬೆಂಚನ್ನು ಎಳೆದು ಒಳಗಿನ ಕೋಣೆಗೇ ಹಾಕಿಬಿಡಬಹುದು. ಹಾಕಿದರೆ ಹುಡುಗಿ ಗೆಲ್ಲುತ್ತಾಳೆ. ಗೆದ್ದರೆ?

ಅವನು ಆ ಸರಕಾರಿ ಶಾಲೆಯಲ್ಲಿ ವಿಶೇಷ ಮಕ್ಕಳ ಮೇಷ್ಟ್ರು. ನೀರಿನ ಮೋಟಾರಿನ ಕೋಣೆಗೆ ತಾಗಿದ ಹಜಾರದಲ್ಲಿ, ಇಲಾಖೆಯ ಅಧಿಕಾರಿಯ ತಪಾಸಣೆಗೆಂದು ತಾನೇ ಎಳೆದು ತಂದ ಬೆಂಚಿನ ತುದಿ ಹಿಡಿದುಕೊಂಡು ನಿಂತೇ ಇದ್ದ. ಇಲಾಖೆಯ ನಿಯಮ ಸರಳವಾಗಿತ್ತು. ತಮ್ಮ ಕೆಲಸ ತಾವು ಮಾಡಿಕೊಳ್ಳಲಾಗದ ಮಕ್ಕಳು ನಾಲ್ವರಿದ್ದರೆ ಶಾಲೆಗೊಬ್ಬ ಆಯಾ, ಸಂಬಳ ಸರಕಾರದ್ದು. ಮೂವರಾದರೆ ಹುದ್ದೆ ರದ್ದು. ಆಮೇಲೆ ಆ ಮೂವರನ್ನು ಎತ್ತಿ ಶೌಚಾಲಯಕ್ಕೆ ಒಯ್ಯುವವರು ಯಾರು ಎಂಬುದಕ್ಕೆ ನಿಯಮದಲ್ಲಿ ಉತ್ತರವಿರಲಿಲ್ಲ. ಅವರಲ್ಲಿ ದೊಡ್ಡ ಹುಡುಗ ಈಗ ಹೆಚ್ಚುಕಡಿಮೆ ಮೇಷ್ಟ್ರಷ್ಟೇ ಭಾರ.

ನಾಲ್ಕನೆಯವಳು ಗುಬ್ಬಿ. ಮಾತು ಕಡಿಮೆ, ಸದ್ದು ಕಂಡರಾಗದು. ಆಯಾ ತನ್ನ ಹಳೇ ಕೋಟನ್ನು ತೊಡೆಯ ಮೇಲೆ ಹರಡಿಕೊಂಡು ವರ್ಷವಿಡೀ ಅವಳಿಗೆ ಗುಂಡಿ ಹಾಕುವುದನ್ನು ಕಲಿಸಿದ್ದಳು. ಈಚೆಗೆ ಒಂದು ಮಧ್ಯಾಹ್ನ ಗುಬ್ಬಿ ಅಷ್ಟೂ ಗುಂಡಿ ತಾನೇ ಹಾಕಿ, ಬಿಚ್ಚಿ, ಮತ್ತೆ ಹಾಕಿದ್ದಳು. ತಪಾಸಣೆಯ ಪಟ್ಟಿಯಲ್ಲಿ ಅವಳಿಗೆ ಬಾರದೆ ಉಳಿದಿದ್ದದ್ದು ಅದೊಂದೇ. ಮನೆಯಲ್ಲಿ ಅಮ್ಮನಿಗೆ ಇದು ಗೊತ್ತಿಲ್ಲ. ಅಲ್ಲಿ ಬೆಳಗಿನ ಗಡಿಬಿಡಿಯಲ್ಲಿ ಗುಂಡಿ ಹಾಕುವುದು ಅಮ್ಮನೇ.

"ಅಮ್ಮಂಗೆ ಈಗ್ಲೇ ಹೇಳ್ಬೇಡಿ ಮೇಷ್ಟ್ರೇ," ಎಂದಿದ್ದಳು ಆಯಾ. "ಅಧಿಕಾರಿ ಬಂದಾಗ ಕಣ್ಣಾರೆ ನೋಡ್ಲಿ. ನಮ್ಮ ಗುಬ್ಬಿ ಅವರ ಕೋಟಿನ ಗುಂಡೀನೂ ಹಾಕಿ ಕಳಿಸ್ತಾಳೆ!"

"ನಿನ್ನ ಹುದ್ದೆ?"

"ಹೋಗುತ್ತೆ ಹೋಗುತ್ತೆ ಅಂತ ವರ್ಷಾ ವರ್ಷ ಹೆದರಿಸ್ತಾರೆ. ಹೋಗಿದ್ಯಾ?"

ಈ ಸಲ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಪಕ್ಕದ ಶಾಲೆಯಲ್ಲಿ ಹೋಗಿತ್ತು.

ಅವನು ಬೆಂಚನ್ನು ಅಲ್ಲೇ ಬಿಟ್ಟ.

ಅಧಿಕಾರಿ ಬಂದರು. ಬಿಸಿಲಲ್ಲಿ ಸುತ್ತಿ ಸುಸ್ತಾದ ಮುಖ. "ಬೇಗ ಮುಗಿಸೋಣ ಮೇಷ್ಟ್ರೇ, ಇನ್ನೂ ಬೇರೆ ಶಾಲೆಗಳಿವೆ." ಮೊದಲ ಮೂವರದ್ದು ಬೇಗನೇ ಮುಗಿಯಿತು. ಗುಬ್ಬಿಯ ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಗುಬ್ಬಿ ಕೋಟು ತೊಟ್ಟು ಮೊದಲ ಗುಂಡಿಗೆ ಬೆರಳಿಟ್ಟಳು. ಗೋಡೆಯಾಚೆ, ದಿನಾ ಆ ಹೊತ್ತಿಗೆ ಓಡುವ ಮೋಟಾರು ಗುಡುಗಿತು. ಎರಡೂ ಕೈ ಕಿವಿಗೆ ಹೋದವು.

"ಹಾಕು ಪುಟ್ಟಿ, ನೋಡೋಣ," ಎಂದರು ಅಧಿಕಾರಿ.

ಕೈಗಳು ಕೆಳಗಿಳಿಯಲಿಲ್ಲ.

"ಅಯ್ಯೋ, ಆ ಮೋಟಾರು ನಿಲ್ಲಿಸ್ರೋ ಯಾರಾದ್ರೂ!" ಎಂದ ಆಯಾ ಮೇಷ್ಟ್ರನ್ನು ನೋಡಿದಳು. ಸ್ವಿಚ್ಚು ಅವನ ಬೆನ್ನ ಹಿಂದೆಯೇ ಇತ್ತು.

"ಟ್ಯಾಂಕು ತುಂಬೋವರೆಗೂ ನಿಲ್ಲಿಸೋ ಹಾಗಿಲ್ಲ," ಎಂದ.

ಆಯಾ ಗುಬ್ಬಿಯ ಕೈಗಳ ಮೇಲೆ ತನ್ನ ಕೈಗಳನ್ನಿಟ್ಟು ಅವಳ ಕಿವಿ ಮುಚ್ಚಿದಳು.

"ಇರ್ಲಿ ಬಿಡಮ್ಮ," ಎಂದರು ಅಧಿಕಾರಿ, ತಲೆಯೆತ್ತದೆ. "ಆಗಲ್ಲ ಅಂತ ಬರ್ಕೊಂಡ್ರಾಯ್ತು. ನಿಮಗೂ ಅದೇ ಒಳ್ಳೇದು."

ಅಮ್ಮ ಒಳಗೆ ಬಂದು ಮಂಡಿಯೂರಿ ಮಗಳ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಕಾರಿಡಾರಿನಲ್ಲಿ ಮೇಷ್ಟ್ರನ್ನು ತಡೆದಳು.

"ನಮ್ಮಕ್ಕ ಹೇಳಿದ್ಲು, ಈ ವರ್ಷ ಏನಾದ್ರೂ ಕಲೀತಾಳೆ ನೋಡು ಅಂತ. ನಾನೂ ಹುಚ್ಚಿ, ನಂಬ್ಕೊಂಡು ಕೂತಿದ್ದೆ. ನಿಜ ಹೇಳಿ ಮೇಷ್ಟ್ರೇ, ಇದು ಅವಳ ಕೈಲಿ ಆಗಲ್ಲ ಅಲ್ವಾ?"

ಅಧಿಕಾರಿ ಪಕ್ಕದ ಕೋಣೆಯಲ್ಲೇ ನೀರು ಕುಡಿಯುತ್ತಿದ್ದರು. ಈಕೆ ಖುಷಿಯಾದರೆ ಊರಿಗೆಲ್ಲ ಡಂಗುರ ಸಾರುವವಳು.

"ನೋಡೋಣಮ್ಮ," ಎಂದ.

"ನೋಡೋಣ ಅಂದ್ರೆ ಇಲ್ಲ ಅಂತಾನೇ. ಡಾಕ್ಟ್ರೂ ಹಾಗೇ ಅಂತಿದ್ರು." ನಗಲು ನೋಡಿದಳು, ಆಗಲಿಲ್ಲ.

ಹುದ್ದೆ ಉಳಿಯಿತು. ದೊಡ್ಡ ಹುಡುಗನನ್ನು ಆಯಾ ಎಂದಿನಂತೆ ಎತ್ತುತ್ತಾಳೆ, ಎತ್ತುವಾಗ ಮೇಷ್ಟ್ರ ಕಡೆ ನೋಡುವುದಿಲ್ಲ. ಗುಬ್ಬಿ ಈಗ ತಲೆಯ ಮೇಲಿಂದ ತೊಡುವ, ಗುಂಡಿಯೇ ಇಲ್ಲದ ಅಂಗಿಗಳಲ್ಲಿ ಬರುತ್ತಾಳೆ. ಅಮ್ಮನೇ ಎಲ್ಲವನ್ನೂ ಹೊಲಿಸಿದ್ದಾಳೆ. ಸಂಜೆ ಕರೆದೊಯ್ಯಲು ಬಂದಾಗ, "ಚೆನ್ನಾಗಿದ್ದೀರಾ ಮೇಷ್ಟ್ರೇ?" ಎಂದು ಕೇಳುತ್ತಾಳೆ. ಅವನು ಚೆನ್ನಾಗಿದ್ದೇನೆ ಎನ್ನುತ್ತಾನೆ.

ನಿಮ್ಮ ಮಗಳಿಗೆ ಗುಂಡಿ ಹಾಕಲು ಬರುತ್ತದೆ ಎಂದು ಅವನು ಆಕೆಗೆ ಹೇಳಲೇ ಇಲ್ಲ.