ಇಬ್ಬರು ರುದ್ರಮ್ಮಂದಿರ ನಡುವೆ ನಾನು

ನಾನು ಒಂದು ಫಂಕ್ಷನ್. ಕಂಪ್ಯೂಟರಿಗೆ ಬರೆದಿಟ್ಟ ಏಳೆಂಟು ಸಾಲಿನ ಸೂಚನೆ, ಅಷ್ಟೇ. ದಾವಣಗೆರೆಯ ಒಂದು ಡಯಾಲಿಸಿಸ್ ಕೇಂದ್ರದ ಕೌಂಟರಿನಲ್ಲಿ ಕೂತು ನಾಗವೇಣಿ ನನ್ನನ್ನು ಬರೆದಳು. ಪಟ್ಟಿಯಲ್ಲಿ ಒಬ್ಬರೇ ರೋಗಿ ಎರಡು ಸಲ ಬಂದಿದ್ದರೆ ಒಂದನ್ನು ಉಳಿಸಿ ಇನ್ನೊಂದನ್ನು ತೆಗೆಯುವುದು ನನ್ನ ಕೆಲಸ. ಅದಕ್ಕೇ 'ಒಂದೇಸಲ' ಎಂದು ಹೆಸರಿಟ್ಟಳು. ನನಗೆ ಎರಡು ಕೈ ಕೊಟ್ಟಳು. ಒಂದು ಪಟ್ಟಿ ಹಿಡಿಯಲು, ಇನ್ನೊಂದು ನಿಯಮ ಹಿಡಿಯಲು. ಏನು ಒಂದೇ ಆಗಿದ್ದರೆ ಒಬ್ಬರೆಂದು ತಿಳಿಯಬೇಕು ಎಂಬುದನ್ನು ನನ್ನನ್ನು ಕರೆದವರೇ ಹೇಳಬೇಕಿತ್ತು. ಅವಳು ಯಾವಾಗಲೂ ಆಸ್ಪತ್ರೆಯ ಚೀಟಿ ನಂಬರನ್ನೇ ಹೇಳುತ್ತಿದ್ದಳು. ಸುಖವಾಗಿದ್ದೆ.

ಅವಳು ಬೇರೆ ಕೆಲಸಕ್ಕೆ ಹೋದಳು. ಅವಳ ಕುರ್ಚಿಗೆ ಪ್ರಸನ್ನ ಬಂದ.

"ಪ್ರತಿ ಸಲಾನೂ ನಿಯಮ ಹೇಳ್ಬೇಕಂತ! ಹೆಸ್ರು ನೋಡಿದ್ರೆ ಸಾಕು ಬಿಡ್ರಿ" ಎಂದು ನರ್ಸ್ ಶಕೀಲಾಗೆ ಹೇಳಿ ನನ್ನ ಒಂದು ಕೈ ಕಡಿದ. ಅಷ್ಟಕ್ಕೇ ನಿಲ್ಲಲಿಲ್ಲ ಮಹಾಶಯ. ಇನಿಷಿಯಲ್‌ಗಳನ್ನು ಕೆಲವರು ಹೆಸರಿನ ಮುಂದೆ, ಕೆಲವರು ಹಿಂದೆ, ಚುಕ್ಕೆ ಇಟ್ಟೋ ಇಡದೆಯೋ ಬರೆಯುತ್ತಾರೆಂದು ಬೇಸತ್ತು ಎಲ್ಲವನ್ನೂ ಕಿತ್ತೊಗೆದ. ನಮ್ಮ ಕಡೆ ಇನಿಷಿಯಲ್ ಅಂದರೆ ಊರು, ಅಪ್ಪ, ಗಂಡ. ಅದು ಹೋದರೆ ಉಳಿಯುವುದು ಓಣಿಯಲ್ಲಿ ನಾಲ್ವರಿಗೆ ಇರುವ ಹೆಸರು. ಇಷ್ಟೂ ತಿಳಿಯದವನ ಕೈಗೆ ನನ್ನನ್ನು ಕೊಟ್ಟರಲ್ಲ!

ಒಂದು ಸೋಮವಾರ ಶಕೀಲಾ "ರುದ್ರಮ್ಮಾ" ಎಂದು ಕೂಗಿದಳು. ಇಬ್ಬರು ಎದ್ದು ನಿಂತರು. ಕೆ. ರುದ್ರಮ್ಮ ಒಳಗೆ ಹೋದಳು. ನ್ಯಾಮತಿಯಿಂದ ಮೊದಲ ಬಸ್ಸಿಗೆ ಬಂದಿದ್ದ ಹೆಚ್. ರುದ್ರಮ್ಮ ಊದಿದ ಕಾಲು ಎಳೆಯುತ್ತ ಕೌಂಟರಿಗೆ ಬಂದಳು.

"ನಿಮ್ ಹೆಸ್ರು ಪಟ್ಟೀಲಿಲ್ಲಮ್ಮ" ಎಂದಳು ಶಕೀಲಾ, ಚೀಟಿ ನಂಬರು ನೋಡಿ.

"ಈಗ ಕೂಗಿದ್ರಲ್ಲವ್ವ, ರುದ್ರಮ್ಮ ಅಂತ?"

"ಅದು ಅವ್ರಿಗೆ."

"ಹಂಗಾರ ನಾನ್ಯಾರು?"

ಶಕೀಲಾ ಬೆಂಚು ತೋರಿಸಿದಳು. ಸಂಜೆ ಒಂದು ಯಂತ್ರ ಖಾಲಿಯಾಗುವವರೆಗೂ ಆ ಹೆಂಗಸು ಬೆಂಚಿನ ಮೇಲೆ ಏದುಸಿರು ಬಿಡುತ್ತ ಕೂತಿದ್ದಳು. ಬದುಕಿದಳು, ಸದ್ಯ.

ಡಾಕ್ಟರು ಗದರಿದಾಗ ಪ್ರಸನ್ನ ಏನಂದ ಗೊತ್ತೇ? "ಹಳೇ ಫಂಕ್ಷನ್ ಸರ್. ನಾಗವೇಣಿ ಬರ್ದಿದ್ದು." ನನ್ನ ಮೈಯೆಲ್ಲ ಉರಿದುಹೋಯಿತು. ಕೈ ಕಡಿದವನು ಇವನು, ಕೆಟ್ಟ ಹೆಸರು ಅವಳಿಗೆ! ನನ್ನ ಪ್ರತಿ ಸಾಲಿನ ಮುಂದೆ ಎರಡು ಓರೆಗೀಟು ಎಳೆದು, 'ಇದನ್ನು ಬಳಸಬೇಡಿ' ಎಂದು ಬರೆದು ನನ್ನನ್ನು ಮೂಲೆಗೆ ಹಾಕಿದ. ಗೀಟು ಬಿದ್ದ ಸಾಲನ್ನು ಕಂಪ್ಯೂಟರ್ ಓದುವುದೇ ಇಲ್ಲ. ನನ್ನ ಮುದಿತನ ಇದು.

ಈಗ ಅವನೇ ಹೊಸದೊಂದು ಬರೆದಿದ್ದಾನೆ. ಫೋನ್ ನಂಬರು ಒಂದೇ ಆದರೆ ಒಬ್ಬರೇ ಅಂತೆ. ಮೊದಲು ಬಂದ ಹೆಸರು ಉಳಿಯುತ್ತದೆ, ಆಮೇಲಿನದು ಹೋಗುತ್ತದೆ. ಹೆಚ್. ರುದ್ರಮ್ಮನಿಗೆ ಫೋನಿಲ್ಲ. ಊರಿನ ಆಶಾ ಕಾರ್ಯಕರ್ತೆಯ ನಂಬರು ಕೊಟ್ಟಿದ್ದಾಳೆ. ಅದೇ ಊರಿನಿಂದ ಡಯಾಲಿಸಿಸ್‌ಗೆ ಬರುವ ಗುಡ್ಡಪ್ಪನೂ ಅದನ್ನೇ ಕೊಟ್ಟಿದ್ದಾನೆ.

ಗುರುವಾರದ ಪಟ್ಟಿ ಈಗಷ್ಟೇ ಸಿದ್ಧವಾಯಿತು. ಗುಡ್ಡಪ್ಪ ಇದ್ದಾನೆ. ಅವಳಿಲ್ಲ. ಗೀಟಿನ ಹಿಂದಿನಿಂದ ಗಂಟಲು ಹರಿಯುವಂತೆ ಅರಚುತ್ತಿದ್ದೇನೆ. ಪ್ರಸನ್ನ ಪಟ್ಟಿಯನ್ನು ಶಕೀಲಾಗೆ ಕೊಟ್ಟು ಚಹಾ ಕುಡಿಯಲು ಹೋದ.