ಗಾಳಿಕಿಂಡಿಗೆ ತುರುಕಿದ ಬಟ್ಟೆ

ಅಕ್ಟೋಬರ್ ಬಂತೆಂದರೆ ಕೈತೋಟದವರಿಗೆ ಎರಡು ಕಾಟ. ಒಂದು ಇಲಿ, ಇನ್ನೊಂದು ಚಳಿ. ಕಿತ್ತಿಟ್ಟ ಕ್ಯಾರೆಟ್ಟು, ಬೀಟ್‌ರೂಟಿಗೆ ಇಲಿ ಬಾಯಿ ಹಾಕುತ್ತದೆ. ಇಲಿ ಬಿಟ್ಟದ್ದಕ್ಕೆ ಹಿಮ ಬಡಿಯುತ್ತದೆ. ದೂರದ ಚಳಿದೇಶದ ಬೀತೊಮ್ ಊರಿನ ಗಣಿ ಕಾರ್ಮಿಕರ ಸಂಘದ ತೋಟದಲ್ಲಿ ಇದು ಪ್ರತಿ ವರ್ಷದ ಗೋಳು. ಅಲ್ಲಿ ಒಬ್ಬೊಬ್ಬರ ಪಾಲಿಗೂ ಒಂದು ತುಂಡು ನೆಲ, ನೆಲದ ಮೂಲೆಯಲ್ಲಿ ಒಂದು ಪುಟ್ಟ ಮರದ ಮನೆ, ಆ ಮನೆಯೊಳಗೆ ಒಂದು ಕಬ್ಬಿಣದ ಒಲೆ. ಅದು ವಾಸದ ಮನೆಯಲ್ಲ. ಅಗೆಯುವ ಕೆಲಸದ ನಡುವೆ ಚಹಾ ಕಾಯಿಸಿಕೊಂಡು, ಸೊಂಟ ನೆಟ್ಟಗೆ ಮಾಡಿಕೊಳ್ಳಲು ಇರುವ ಜಾಗ. ಚಳಿಗಾಲಕ್ಕೆ ಮೊದಲು ರಾಸ್‌ಬೆರಿ ಕಡ್ಡಿ ಸವರಬೇಕು, ಬೆಳ್ಳುಳ್ಳಿ ಊರಬೇಕು, ಡೇಲಿಯಾ ಗೆಡ್ಡೆ ಕಿತ್ತು ಒಳಗಿಡಬೇಕು. ಹಾಗೆಯೇ ಗೋಡೆಯ ಮೇಲ್ಗಡೆ ಇರುವ ಗಾಳಿಕಿಂಡಿಗೆ ಹಳೇ ಬಟ್ಟೆ ತುರುಕಬೇಕು. ಇಲಿಯೂ ಬರುವುದಿಲ್ಲ, ಚಳಿಯೂ ಬರುವುದಿಲ್ಲ. ಅಪ್ಪ ಅಜ್ಜಂದಿರ ಕಾಲದಿಂದ ಹಾಗೇ ನಡೆದುಕೊಂಡು ಬಂದಿದೆ.

ಗೆರಾರ್ಡ್ ಮಾತ್ರ ಒಂದು ವರ್ಷದಿಂದ ಆ ಕೆಲಸ ಬಿಟ್ಟಿದ್ದ. ಯಾಕೆ ಬಿಟ್ಟೆ ಎಂದು ಯಾರಿಗೂ ಬಾಯಿ ಬಿಟ್ಟಿರಲಿಲ್ಲ.

ಗೆರಾರ್ಡನ ಪಕ್ಕದ ತೋಟ ಅಲೋಯ್ಜಿಯದು. ಇಬ್ಬರದೂ ಒಂದೇ ಗಣಿ, ಒಂದೇ ಪಾಳಿ, ನಿವೃತ್ತಿಯಾದ ಮೇಲೆ ಒಂದೇ ಬೇಲಿ. ಬೇಲಿಯ ಆಚೆ ಈಚೆ ನಿಂತು ದಿನಕ್ಕೊಂದು ಸಲ ಜಗಳವಾಡದಿದ್ದರೆ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ. ನಿನ್ನ ಈರುಳ್ಳಿ ಗೋಲಿಯಷ್ಟಿದೆ ಎಂದು ಇವನು, ನಿನ್ನ ಕೋಸಿಗೆ ನಿನ್ನ ತಲೆಯ ಹಾಗೆ ಒಳಗೇನೂ ಇಲ್ಲ ಎಂದು ಅವನು. ಸಂಜೆ ಮನೆಗೆ ಹೋಗುವಾಗ ಮಾತ್ರ ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತಿದ್ದರು.

ಹೋದ ವರ್ಷ ಬೆಳ್ಳುಳ್ಳಿ ಊರುವ ದಿನಗಳಲ್ಲಿ ಅಲೋಯ್ಜಿ ತೀರಿಕೊಂಡ. ಆ ದಿನ ಜಿಟಿಜಿಟಿ ಮಳೆ. ಕಡ ತಂದಿದ್ದ ಸಲಾಕೆ ಹಿಂದಿರುಗಿಸಲು ಇಳಿಹೊತ್ತಿನಲ್ಲಿ ಗೆರಾರ್ಡ್ ಬೇಲಿ ದಾಟಿ ಹೋದ. ಬಾಗಿಲು ತೆರೆದರೆ ಅಲೋಯ್ಜಿ ಬೂಟು ಕಳಚಿಟ್ಟು, ಒಲೆಯ ಮುಂದೆ ಕುರ್ಚಿಯಲ್ಲಿ ತಲೆ ವಾಲಿಸಿ ಕೂತಿದ್ದ. ಕೆನ್ನೆ ಎಳೆಮಗುವಿನದರಂತೆ ಕೆಂಪಗಿತ್ತು. ಗಣಿಯೊಳಗೆ ಗೆರಾರ್ಡನ ಕೆಲಸವೇ ಗಾಳಿ ಅಳೆಯುವುದು. ಆ ಕೆಂಪನ್ನು ಅವನು ವಿಷಗಾಳಿ ಕುಡಿದು ಸತ್ತವರ ಮುಖದಲ್ಲಿ ಹಿಂದೆಯೂ ನೋಡಿದ್ದ. ಕತ್ತೆತ್ತಿ ನೋಡಿದ. ಗಾಳಿಕಿಂಡಿಯಲ್ಲಿ ಬಿಗಿಯಾಗಿ ತುರುಕಿದ ನೀಲಿ ಹೂವಿನ ಏಪ್ರನ್ ಕಂಡಿತು. ಅದು ಅಲೋಯ್ಜಿಯ ಹೆಂಡತಿ ರೊಜಾಲಿಯಾಳದು. ಹಿಂದಿನ ದಿನ ಅವಳು ಸ್ಟೂಲಿನ ಮೇಲೆ ನಿಂತು ಅದನ್ನು ತುರುಕುವುದನ್ನು ಗೆರಾರ್ಡ್ ಬೇಲಿಯಾಚೆಯಿಂದ ನೋಡಿದ್ದ. ನೋಡಿಯೂ ಏನೂ ಅನ್ನಿಸಿರಲಿಲ್ಲ. ಜೀವಮಾನವೆಲ್ಲ ಗಣಿಯ ಗಾಳಿ ಅಳೆದವನಿಗೆ ತೋಟದ ಮನೆಯ ಗಾಳಿಯ ಬಗ್ಗೆ ಯೋಚನೆಯೇ ಬಂದಿರಲಿಲ್ಲ. ತಾನೂ ಆ ವಾರವೇ ತನ್ನ ಕಿಂಡಿಗೆ ಬಟ್ಟೆ ತುರುಕಿದ್ದ.

ಗೆಳೆಯನನ್ನು ಹೊರಗೆಳೆದು ತಂದು ಎಷ್ಟು ಅಲುಗಾಡಿಸಿದರೂ ಉಪಯೋಗವಾಗಲಿಲ್ಲ. ಮೈ ತಣ್ಣಗಾಗಿತ್ತು. ಆಗ ಗೆರಾರ್ಡ್ ಒಂದು ಕೆಲಸ ಮಾಡಿದ. ಒಳಗೆ ಹೋಗಿ ಆ ಏಪ್ರನ್ನನ್ನು ಕಿತ್ತು ಕೋಟಿನೊಳಗೆ ಬಚ್ಚಿಟ್ಟುಕೊಂಡು, ಆಮೇಲೆ ಜನರನ್ನು ಕೂಗಿದ. ಬಂದ ಡಾಕ್ಟರು ಸತ್ತವನ ಜೇಬಿನಲ್ಲಿದ್ದ ಹೃದಯದ ಮಾತ್ರೆ ನೋಡಿ, ವಯಸ್ಸು ಕೇಳಿ, ಹೃದಯಾಘಾತ ಎಂದರು. ಗೆರಾರ್ಡ್ ಹೂಂ ಎಂದ. ಗಂಡನನ್ನು ಕಳೆದುಕೊಂಡವಳಿಗೆ, ಅವನ ಉಸಿರು ನಿಲ್ಲಿಸಿದ್ದು ನಿನ್ನದೇ ಏಪ್ರನ್ನು ಎಂದು ಹೇಳಲು ಅವನಿಗೆ ಮನಸ್ಸು ಬರಲಿಲ್ಲ. ಒಳ್ಳೆಯದನ್ನೇ ಮಾಡಿದೆ ಅಂದುಕೊಂಡ. ಪಾಪ, ಆ ಗಳಿಗೆಯಲ್ಲಿ ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರೇನೋ.

ಈ ವರ್ಷ ಅಕ್ಟೋಬರಿನಲ್ಲಿ ಡಾಗ್ಮಾರಾ ಎಂಬ ನರ್ಸು ತೋಟಕ್ಕೆ ಬಂದಳು. ಗೇಟಿನ ಹತ್ತಿರ ಬೆಂಕಿ ಹಾಕಿ, ಕೆಂಡದಲ್ಲಿ ಆಲೂಗಡ್ಡೆ ಸುಡುತ್ತಾ ಎಲ್ಲರೂ ಕೂತಿದ್ದರು. ಅವಳು ಕರಪತ್ರ ಹಂಚಿ ವಿಷಯ ಹೇಳಿದಳು. ಕಲ್ಲಿದ್ದಲು, ಸೌದೆ, ಇದ್ದಿಲು, ಗ್ಯಾಸು, ಯಾವುದೇ ಉರಿಯಲಿ, ಗಾಳಿ ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಹುಟ್ಟುತ್ತದೆ. ಕಿಂಡಿ ಮುಚ್ಚಿದ್ದರೆ, ಹೊಗೆಕೊಳವೆ ಕಟ್ಟಿಕೊಂಡಿದ್ದರೆ ಅದು ಒಳಗೇ ಉಳಿಯುತ್ತದೆ.

ತೆಯೋಫಿಲ್ ಎಂಬ ಮುದುಕ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಾ ನಕ್ಕ. "ನಾವೆಲ್ಲಾ ಒಲೆ ಹೊಗೆ ಕುಡ್ಕೊಂಡೇ ಬೆಳೆದವರಮ್ಮಾ. ಕಿಂಡಿ ತೆಗೆದಿಟ್ರೆ ನನ್ನ ಕುಂಬಳಕಾಯಿಗೆ ನೀನು ಬಂದು ಕಂಬಳಿ ಹೊದಿಸ್ತೀಯಾ?"

"ಹೊಗೆ ಬಂದ್ರೆ ಕೆಮ್ಮು ಬರತ್ತೆ, ಎದ್ದು ಹೊರಗೆ ಹೋಗ್ತೀರಾ. ಇದಕ್ಕೆ ಬಣ್ಣಾನೂ ಇಲ್ಲ, ವಾಸನೇನೂ ಇಲ್ಲ. ತಲೆ ನೋಯುತ್ತೆ, ವಾಂತಿ ಬಂದಂಗಾಗುತ್ತೆ, ನಿದ್ದೆ ಎಳೆಯುತ್ತೆ. ಕೆಲಸ ಮಾಡಿ ಸುಸ್ತಾಯ್ತು ಅಂದ್ಕೊಂಡು ಮಲಗ್ತೀರಾ, ಅಷ್ಟೇ" ಎಂದಳು ಡಾಗ್ಮಾರಾ.

ರೊಜಾಲಿಯಾ ಅವಳಿಗೆ ಚಹಾ ಕೊಡುತ್ತಾ ಸಮಾಧಾನದ ದನಿಯಲ್ಲಿ ಹೇಳಿದಳು. "ನೀನು ಹೇಳೋದು ಸರಿ ಇರಬಹುದು ಮಗಳೇ. ಆದ್ರೆ ನಮ್ಮ ತೋಟದಲ್ಲಿ ಹಂಗೆ ಯಾರೂ ಸತ್ತಿಲ್ಲ. ನಮ್ಮನೆಯವರೂ ಒಲೆ ಮುಂದೇನೇ ಹೋದ್ರು, ಅದು ಹೃದಯ. ಬೇಕಾದ್ರೆ ಗೆರಾರ್ಡನ್ನ ಕೇಳು, ಗಾಳಿ ವಿಷಯ ಅವನಿಗಿಂತ ಯಾರಿಗೆ ಗೊತ್ತು?"

ಎಲ್ಲರೂ ಗೆರಾರ್ಡನ ಕಡೆ ತಿರುಗಿದರು. ಅವನು ತನ್ನ ಬೂಟನ್ನು ನೋಡುತ್ತಾ "ಹೃದಯ" ಎಂದ.

ಅಲ್ಲಿಗೆ ಡಾಗ್ಮಾರಾಳ ಮಾತು ನೀರಿನಲ್ಲಿ ಹೋಮ ಮಾಡಿದಂತಾಯಿತು. ಕರಪತ್ರಗಳು ಬೀಜದ ಬೆಳ್ಳುಳ್ಳಿ ಕಟ್ಟಿಡಲು ಉಪಯೋಗಕ್ಕೆ ಬಂದವು. ತೆಯೋಫಿಲ್ ಅವತ್ತೇ ಹೋಗಿ ತನ್ನ ಕಿಂಡಿಗೆ ಹಳೇ ಸ್ವೆಟರ್ ತುರುಕಿದ. ಗೆರಾರ್ಡನಿಗೆ ಆ ವಾರವೆಲ್ಲ ಅನ್ನ ನೀರು ರುಚಿಸಲಿಲ್ಲ.

ಸತ್ತವರ ಹಬ್ಬ ಹತ್ತಿರ ಬಂತು. ರೊಜಾಲಿಯಾ ಗಂಡನ ಗೋರಿಗೆಂದೇ ತೋಟದಲ್ಲಿ ಬಿಳಿ ಸೇವಂತಿಗೆ ಬೆಳೆಸಿದ್ದಳು. ಒಂದು ದಿನ ಬೇಲಿಯ ಬಳಿ ಬಂದು ಗೆರಾರ್ಡನನ್ನು ಕರೆದಳು. "ಸ್ವಲ್ಪ ಬಾ ಮಾರಾಯ. ಭುಜ ಎತ್ತಕ್ಕೇ ಆಗ್ತಿಲ್ಲ. ಈ ಬಟ್ಟೇನ ಆ ಕಿಂಡಿಗೆ ತುರುಕಿಬಿಡು."

ನಾಳೆ ಮಗಳು ಇಲೋನಾ ಕೂಸನ್ನು ಎತ್ತಿಕೊಂಡು ಬರುತ್ತಾಳಂತೆ. ತಾಯಿ ಮಗಳು ಸೇರಿ ಕೋಸು ಹೆಚ್ಚಿ ಉಪ್ಪು ಹಾಕಿ ಪೀಪಾಯಿಗೆ ತುಂಬುತ್ತಾರಂತೆ, ಸೇವಂತಿಗೆ ಕೊಯ್ಯುತ್ತಾರಂತೆ. ಅಷ್ಟು ಹೊತ್ತು ಕೂಸು ಒಳಗೆ ಒಲೆಯ ಪಕ್ಕ ಬೆಚ್ಚಗೆ ಮಲಗಲಿ ಎಂದು ಅವಳ ಲೆಕ್ಕ. ತೊಟ್ಟಿಲಿನ ಬದಲು ಆಲೂಗಡ್ಡೆಯ ದೊಡ್ಡ ಬುಟ್ಟಿ ತೊಳೆದು, ಒಣಗಿಸಿ, ಕಂಬಳಿ ಹಾಸಿ ಇಟ್ಟಿದ್ದಳು.

ಗೆರಾರ್ಡ್ ಬಟ್ಟೆ ಹಿಡಿದು ಸ್ಟೂಲು ಹತ್ತಿದ. ಕೈ ಮೇಲೇಳಲಿಲ್ಲ. ಕೆಳಗೆ ಬುಟ್ಟಿ ಕಾಣುತ್ತಿತ್ತು.

"ಆಗಲ್ಲ" ಎಂದ.

"ಕಾಲು ನಡುಗ್ತಿದ್ಯಾ? ಇಳಿ, ನಾನೇ ಹತ್ತೀನಿ."

"ನೀನೂ ಹತ್ತಬೇಡ. ಕೂತ್ಕೋ ರೊಜಾಲಿಯಾ."

"ಕೂರಕ್ಕೆ ಪುರುಸೊತ್ತೆಲ್ಲಿದೆ? ಅಷ್ಟು ಕೋಸು ಹಂಗೇ ಬಿದ್ದಿದೆ."

"ಅಲೋಯ್ಜಿದು ಹೃದಯ ಅಲ್ಲ."

ಅವಳು ಕೂತಳು. ಗೆರಾರ್ಡ್ ಇಳಿದು ಬಂದು ಎಲ್ಲವನ್ನೂ ಹೇಳಿದ. ಕೆಂಪು ಕೆನ್ನೆ, ಮುಚ್ಚಿದ ಕಿಂಡಿ, ಕೋಟಿನೊಳಗೆ ಬಚ್ಚಿಟ್ಟ ಏಪ್ರನ್, ಏನನ್ನೂ ಬಿಡಲಿಲ್ಲ. ರೊಜಾಲಿಯಾ ಮಂಡಿಯ ಮೇಲಿನ ಮಣ್ಣನ್ನು ಉಗುರಿನಿಂದ ಕೆರೆಯುತ್ತಾ ಕೇಳಿದಳು.

"ಆ ಏಪ್ರನ್ ಎಷ್ಟು ಹುಡುಕಿದೆ ಗೊತ್ತಾ?" ಎಂದಳು ಕೊನೆಗೆ. "ಅವರ ಕತ್ತಿಗೆ ಗಾಳಿ ಹೊಡಿಯತ್ತೆ ಅಂತಿದ್ರು. ಅದಕ್ಕೆ ಮುಚ್ಚಿದೆ. ಅವರಿಗೋಸ್ಕರಾನೇ ಮುಚ್ಚಿದೆ."

"ನಂಗೊತ್ತು. ನೀನು ಬೇಕಂತ ಮಾಡಿದ್ದಲ್ಲ."

ಅವಳು ತಲೆ ಎತ್ತಿದಳು. ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು. "ನಂಗೆ ನೋವಾಗಬಾರದು ಅಂತ ಒಂದು ವರ್ಷ ಬಾಯಿ ಮುಚ್ಕೊಂಡಿದ್ದೆ. ಆಯ್ತು. ಮೊನ್ನೆ ಗೇಟ್ ಹತ್ರ, ಆ ಹುಡುಗಿ ಮುಂದೆ, ಇಷ್ಟು ಜನರ ಮುಂದೆ ಮತ್ತೆ ಹೃದಯ ಅಂದ್ಯಲ್ಲ. ನೀನು ಹೇಳಿದೆ ಅಂತ ಎಲ್ಲರೂ ನಂಬಿದ್ರು, ನಾನೂ ನಂಬಿದೆ. ನಾಳೆ ಕೂಸನ್ನ ಇಲ್ಲಿ ಮಲಗಿಸಿ, ಒಲೆ ಹಚ್ಚಿ, ಬಾಗಿಲು ಹಾಕ್ಕೊಂಡು ಹೊರಗೆ ಹೋಗ್ತಿದ್ದೆ ಗೆರಾರ್ಡ್. ನಿನ್ನ ಒಳ್ಳೇತನ ಕಟ್ಕೊಂಡು ನಾನೇನು ಮಾಡ್ಲಿ?"

ಅವಳು ಮುಖ ಮುಚ್ಚಿಕೊಂಡು ಅತ್ತಳು. ಗಂಡ ಸತ್ತ ದಿನ ಅತ್ತದ್ದಕ್ಕಿಂತ ಹೆಚ್ಚು ಅತ್ತಳು. ಅವನೂ ನಿಂತಲ್ಲೇ ಅತ್ತ. ಅಳು ನಿಂತ ಮೇಲೆ, ಅವತ್ತು ಅವರಿಗೆ ನೋವಾಗಲಿಲ್ಲ ಅಂತ ನೀನೇ ಅಂದಿದ್ದೆಯಲ್ಲ, ಅದಾದರೂ ನಿಜವಾ ಎಂದು ಕೇಳಿದಳು. ನಿಜ, ನಿದ್ದೆಯಲ್ಲೇ ಹೋದ ಎಂದ ಗೆರಾರ್ಡ್.

ಮರುದಿನ ತೋಟದ ನಲ್ಲಿನೀರು ನಿಲ್ಲಿಸುವ ದಿನ. ಹಿಮಕ್ಕೆ ಕೊಳವೆ ಒಡೆಯದಂತೆ ನೀರು ಬಸಿದು, ಡ್ರಮ್ಮುಗಳನ್ನು ಬೋರಲು ಹಾಕಲು ಎಲ್ಲರೂ ಸೇರುತ್ತಾರೆ. ರೊಜಾಲಿಯಾ ಫೋನು ಮಾಡಿ ಡಾಗ್ಮಾರಾಳನ್ನೂ ಕರೆಸಿದ್ದಳು. ರಾತ್ರಿಯೇ ಮಗಳಿಗೆ ವಿಷಯ ತಿಳಿಸಿದ್ದಳು. ಇದನ್ನೆಲ್ಲಾ ಊರಿಗೆ ಯಾಕಮ್ಮಾ ಹೇಳ್ತೀಯಾ, ಜನ ನಿನ್ನನ್ನೇ ಆಡಿಕೊಳ್ತಾರೆ ಎಂದು ಇಲೋನಾ ಗೋಗರೆದಿದ್ದಳು. ಆಡಿಕೊಳ್ಳಲಿ ಎಂದಿದ್ದಳು ತಾಯಿ.

ಅವಳು ಜನರ ಮುಂದೆ ನಿಂತಳು. ಮಾತು ಹೆಚ್ಚಿರಲಿಲ್ಲ.

"ನಮ್ಮ ತೋಟದಲ್ಲಿ ಹಂಗೆ ಯಾರೂ ಸತ್ತಿಲ್ಲ ಅಂತ ನಾನೇ ಹೇಳಿದ್ದೆ. ಅದು ಸುಳ್ಳು. ನನ್ನ ಗಂಡ ಹಂಗೇ ಸತ್ತಿದ್ದು. ಕಿಂಡಿ ಮುಚ್ಚಿದ್ದು ನಾನು, ಈ ಕೈಯಲ್ಲೇ. ನೀವೆಲ್ಲಾ ಏನು ಮಾಡಿದ್ದೀರೋ ನಾನೂ ಅದನ್ನೇ ಮಾಡಿದ್ದೆ. ನಂಗೆ ಯಾರೂ ಹೇಳಿರಲಿಲ್ಲ. ನಿಮಗೆ ನಾನು ಹೇಳ್ತಿದ್ದೀನಿ."

ಗೆರಾರ್ಡ್ ಅವಳ ಪಕ್ಕ ಬಂದು ನಿಂತು ತಾನು ಕಂಡದ್ದನ್ನು ಹೇಳಿದ. ತಾನು ಮುಚ್ಚಿಟ್ಟದ್ದನ್ನೂ ಹೇಳಿದ. ಯಾರೂ ನಗಲಿಲ್ಲ. ತೆಯೋಫಿಲ್ ಕೈಯಲ್ಲಿದ್ದ ಬಕೆಟ್ಟನ್ನು ಅಲ್ಲೇ ಇಟ್ಟು, ಕಿಂಡಿಯ ಸ್ವೆಟರ್ ಕೀಳಲು ತನ್ನ ಮರದ ಮನೆಯ ಕಡೆ ನಡೆದ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ತಮ್ಮ ತಮ್ಮ ಕಿಂಡಿಯ ಕಡೆ ಹೋದರು.

ಆ ಮಧ್ಯಾಹ್ನ ಇಲೋನಾ ಸ್ಟೂಲು ಹಿಡಿದಳು, ಗೆರಾರ್ಡ್ ರೊಜಾಲಿಯಾಳ ಗಾಳಿಕಿಂಡಿಗೆ ತಂತಿಬಲೆ ಹೊಡೆದ. ಗಾಳಿ ಆಡುತ್ತದೆ, ಇಲಿ ನುಗ್ಗುವುದಿಲ್ಲ. ಹೊಗೆಕೊಳವೆ ಬಿಚ್ಚಿ ಉಜ್ಜಿದರೆ ಮಸಿಯ ಜೊತೆ ಒಂದು ಹಕ್ಕಿಗೂಡೂ ಬಿತ್ತು. ಡಾಗ್ಮಾರಾ ತಂದಿದ್ದ ಪುಟ್ಟ ಅಲಾರಂ ಅನ್ನು ಗೋಡೆಗೆ ಹಾಕಿದರು. ಬೆಲೆ ಒಂದು ಜೊತೆ ರಬ್ಬರ್ ಬೂಟಿಗಿಂತ ಹೆಚ್ಚಿಲ್ಲ. ವಿಷಗಾಳಿ ಸೇರಿದರೆ ಕಿರುಚಿಕೊಳ್ಳುತ್ತದೆ. ಹಿಮ ತಾಗುವ ಕುಂಬಳಕಾಯಿ, ಡೇಲಿಯಾ ಗೆಡ್ಡೆಗಳನ್ನು ಊರಿನ ಮನೆಯ ನೆಲಮಾಳಿಗೆಗೆ ಸಾಗಿಸಿದರು. ಕೂಸನ್ನು ಅವತ್ತು ಇಲೋನಾ ಒಳಗೆ ಮಲಗಿಸಲಿಲ್ಲ. ಬೆನ್ನಿಗೆ ಕಟ್ಟಿಕೊಂಡೇ ಕೋಸು ಹೆಚ್ಚಿದಳು.

ರೊಜಾಲಿಯಾ ಗೆರಾರ್ಡನ ಜೊತೆ ಮಾತು ಬಿಡಲಿಲ್ಲ. ಮೊದಲಿನಂತೆ ಆಡಲೂ ಇಲ್ಲ. ಕ್ಷಮಿಸಿದೆಯಾ ಎಂದು ಅವನು ಕೇಳಲಿಲ್ಲ. ಹಬ್ಬದ ದಿನ ಇಬ್ಬರೂ ಅಲೋಯ್ಜಿಯ ಗೋರಿಯ ಮುಂದೆ ದೀಪ ಹಚ್ಚಿ ಬಹಳ ಹೊತ್ತು ನಿಂತಿದ್ದರು. ಆ ಚಳಿಗಾಲ ಒಂದು ದಿನ ಹೊಗೆಕೊಳವೆ ಕಟ್ಟಿಕೊಂಡು, ತೆಯೋಫಿಲ್ ತಾನೂ ಕೊಂಡು ಹಾಕಿದ್ದ ಅಲಾರಂ ಕೂಗಿಕೊಂಡಿತು. ಅವನು ಬರಿಗಾಲಲ್ಲೇ ಹಿಮಕ್ಕೆ ಓಡಿ ಬಂದು ಬದುಕಿಕೊಂಡ. ಸುದ್ದಿ ಕೇಳಿ ರೊಜಾಲಿಯಾ ಮೊದಲು ನಕ್ಕಳು. ಆಮೇಲೆ, ನಮ್ಮನೆಯವರಿಗೂ ಇಂಥದ್ದೊಂದು ಇಟ್ಟಿದ್ದರೆ ಎಂದು ಬರಿಗೈಯಲ್ಲಿ ಕಣ್ಣು ಒರೆಸಿಕೊಂಡಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮದು ತೋಟದ ಮನೆಯಿರಲಿ, ಕಾವಲಿನ ಗುಡಿಸಲಿರಲಿ, ಒಂದೇ ಕೋಣೆಯ ಬಾಡಿಗೆ ಮನೆಯಿರಲಿ, ಬೆಂಕಿಯಿರುವ ಕಡೆ ಗಾಳಿಗೆ ದಾರಿ ಬಿಡಿ. ಚಳಿ ಎಂದು ಇದ್ದಿಲಿನ ಬಾಂಡಲಿ ಒಳಗಿಟ್ಟುಕೊಂಡು ಬಾಗಿಲು ಹಾಕಬೇಡಿ, ಆರಿದಂತೆ ಕಾಣುವ ಕೆಂಡವನ್ನೂ ನಂಬಬೇಡಿ. ವರ್ಷಕ್ಕೊಮ್ಮೆ ಹೊಗೆಕೊಳವೆ ಶುಚಿ ಮಾಡಿಸಿ. ಒಲೆ ಉರಿಯುವಾಗ ತಲೆ ನೋವು, ತಲೆ ಸುತ್ತು, ಮಂಪರು ಬಂದರೆ ಮಲಗಬೇಡಿ. ಬಾಗಿಲು ತೆರೆದು ಎಲ್ಲರನ್ನೂ ಹೊರಗೆ ಕರೆದುಕೊಂಡು ಬಂದು 112ಕ್ಕೆ ಫೋನು ಮಾಡಿ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಹೀಗೆ ಯಾರಾದರೂ ಹೋಗಿದ್ದರೆ ಅದನ್ನು ಮುಚ್ಚಿಡಬೇಡಿ, ನಾಲ್ಕು ಜನರಿಗೆ ಹೇಳಿ. ಹೇಳುವುದು ಕಷ್ಟ. ರೊಜಾಲಿಯಾಳಿಗೂ ಕಷ್ಟವಾಗಿತ್ತು. ಈಗ ಈ ಹಾಳೆಯನ್ನು ಕೆಳಗಿಟ್ಟು ಎದ್ದು ಹೋಗಿ, ನಿಮ್ಮ ಗಾಳಿಕಿಂಡಿ ತೆರೆದಿದೆಯೇ ನೋಡಿ ಬನ್ನಿ.